ಅಜ್ಜನ ಐವತ್ತೈದು ತಿಂಗಳು

ಮನೆ, ಅಡುಗೆಮನೆಯ ಮೇಜು
ಏಳನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

‘ಪ್ರೀತಿಯ’ ಎಂಬ ಪದವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಮೇಲೆ ಕಾಣುವ ಗೀಚು ಅದೇ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ನಿಮ್ಮ ಕಣ್ಣಿಗೂ ಬೀಳಲಿ ಎಂದೇ ಬಿಟ್ಟಿದ್ದೇನೆ.

ಹೇಗಿದ್ದೀರಿ? ಎಡಮೊಣಕಾಲು ಹೇಗಿದೆ? ಮಗಳು ತಂದುಕೊಟ್ಟ ಪಟ್ಟಿ ಕಟ್ಟಿಕೊಂಡೇ ಕ್ರೇನಿನ ಏಣಿ ಹತ್ತುತ್ತಿದ್ದೀರಾ, ಅಥವಾ ಅದು ಪೆಟ್ಟಿಗೆಯ ತಳ ಸೇರಿದೆಯಾ? ಕೋಪದಲ್ಲಿದ್ದೇನೆ ಎಂದು ಇದನ್ನು ಕೇಳದೆ ಬಿಡುವವಳಲ್ಲ ನಾನು. ಐವತ್ತೆಂಟನೇ ವಯಸ್ಸಿನಲ್ಲಿ ದಿನಕ್ಕೆರಡು ಸಲ ನೂರಹತ್ತು ಮೆಟ್ಟಿಲು ಹತ್ತಿಳಿಯುವ ಮನುಷ್ಯನ ಮೊಣಕಾಲು ಈ ಮನೆಯ ಲೆಕ್ಕದಲ್ಲಿ ಇದ್ದೇ ಇರುತ್ತದೆ. ನನ್ನ ಬಲ ಮಣಿಕಟ್ಟು ಇದ್ದ ಹಾಗೇ ಇದೆ. ಆಸ್ಪತ್ರೆಯ ಲಾಂಡ್ರಿಗೆ ಹೊಸ ಒಗೆಯುವ ಯಂತ್ರ ಬಂದಿದೆ. ಅದರ ಬಾಗಿಲು ಹಳೆಯದಕ್ಕಿಂತ ಬಿಗಿ. ತೆರೆಯುವಾಗ ಎಡಗೈ ಬಳಸು ಎಂದು ನಮ್ಮ ಮೇಲ್ವಿಚಾರಕಿ ಹೇಳುತ್ತಾಳೆ. ಎಡಗೈಯಲ್ಲಿ ಹೊದಿಕೆಗಳ ರಾಶಿ ಇರುತ್ತದೆ ಎಂಬುದು ಅವಳಿಗೆ ಹೊಳೆದಿಲ್ಲ. ಮಗಳು ಚೆನ್ನಾಗಿದ್ದಾಳೆ. ಔಷಧಿ ಅಂಗಡಿಯಲ್ಲಿ ಅವಳದು ಈಗ ಬೆಳಗಿನ ಪಾಳಿ. ಇವತ್ತು ರಜೆ, ಗೆಳತಿಯ ಮನೆಗೆ ಹೋಗಿದ್ದಾಳೆ. ಹೋಗುವಾಗ ಬಾಗಿಲಲ್ಲಿ ನಿಂತು, ‘ಅಮ್ಮಾ, ಅಪ್ಪನಿಗೆ ಬೈದು ಬರಿ, ಆದ್ರೆ ಜಾಸ್ತಿ ಬೈಬೇಡ’ ಎಂದಳು. ಅರ್ಧ ಮಾತನ್ನು ಮಾತ್ರ ಪಾಲಿಸುತ್ತೇನೆ.

ಫೋನ್ ಮಾಡದೆ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ಮಾತು ಸ್ವಲ್ಪ ಬಿಸಿಯಾದರೆ ಸಾಕು, ನಿಮ್ಮ ಕಡೆಯಿಂದ ‘ಹಲೋ, ಹಲೋ, ಗಾಳಿ ಜಾಸ್ತಿ ಇದೆ, ಕೇಳಿಸ್ತಿಲ್ಲ’ ಎಂದು ಬರುತ್ತದೆ. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆ ಗಾಳಿ ನನ್ನ ಸಿಟ್ಟಿನ ಹೊತ್ತು ನೋಡಿಯೇ ಬೀಸುತ್ತದೆ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ನಾನು ಕಿರುಚುತ್ತೇನೆ, ಕಿರುಚಿದರೆ ನನಗೆ ಅಂಕಿಗಳು ತಪ್ಪುತ್ತವೆ. ಇವತ್ತು ಒಂದು ಅಂಕಿಯೂ ತಪ್ಪಬಾರದು.

ಮಂಗಳವಾರ ಬ್ಯಾಂಕಿನಿಂದ ಎರಡು ಲಕೋಟೆ ಬಂದವು. ವರ್ಷಕ್ಕೊಮ್ಮೆ ಬರುವ ವಿವರ. ಒಂದು ಅಜ್ಜನದು, ಒಂದು ಅಜ್ಜಿಯದು. ಕೆಲಸದಿಂದ ಬಂದು ಚೀಲ ಇಳಿಸಿ, ಚಹಾಕ್ಕೆ ನೀರಿಟ್ಟು, ಯಾವಾಗಿನಂತೆ ಎರಡನ್ನೂ ಒಡೆದೆ. ಅಜ್ಜಿಯದು ಎರಡು ಹಾಳೆ. ಅಜ್ಜನದು ಒಂದೇ ಹಾಳೆ. ಪ್ರತಿವರ್ಷ ಅಜ್ಜನದೇ ದಪ್ಪ ಇರುತ್ತಿತ್ತು. ಹಾಳೆಯ ಮಧ್ಯೆ ಒಂದು ಸಾಲು: ಖಾತೆ ಮುಕ್ತಾಯ. ಅದರ ಪಕ್ಕದಲ್ಲಿ ತಾರೀಕು, ಏಳು ತಿಂಗಳ ಹಿಂದಿನದು. ಅದರ ಕೆಳಗೆ, ಅವಧಿಗೆ ಮೊದಲು ತೆಗೆದದ್ದಕ್ಕೆ ಎಷ್ಟು ಕಡಿತ. ಅದರ ಕೆಳಗೆ, ಉಳಿದದ್ದು ಯಾರ ಖಾತೆಗೆ ಹೋಯಿತು ಎಂದು ನಿಮ್ಮ ತಮ್ಮನ ಹೆಸರನ್ನು ಅಚ್ಚುಕಟ್ಟಾಗಿ ಮುದ್ರಿಸಿದ್ದಾರೆ. ಚಹಾದ ನೀರು ಪೂರ್ತಿ ಬತ್ತಿ ಪಾತ್ರೆ ಸುಟ್ಟುಹೋಯಿತು. ಆ ಪಾತ್ರೆಯನ್ನೂ ನಿಮ್ಮ ಖರ್ಚಿಗೇ ಹಾಕಿದ್ದೇನೆ.

ನಿಮಗೆ ಅಜ್ಜ ಯಾರು ಎಂಬುದು ಮರೆತಿರಬಹುದು. ಮರೆಯದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ಬೇಸರವಾದರೂ ಓದಿ.

ನಿಮ್ಮ ಅಪ್ಪ ಕೊನೆಯ ಮೂರು ವರ್ಷ ನಮ್ಮ ಜತೆಗಿದ್ದರು. ಒಳಕೋಣೆಯ ಕಿಟಕಿ ಪಕ್ಕದ ಮಂಚ ಅವರದಾಗಿತ್ತು. ಒಳ್ಳೆಯ ಮನುಷ್ಯ, ಒಂದು ದಿನ ಇದು ಬೇಕು, ಅದು ಬೇಕು ಎಂದವರಲ್ಲ. ಅವರು ಹೋದ ಮೂರನೇ ದಿನ ದಿಂಬಿನ ಚೀಲ ಒಗೆಯಲು ಬಿಚ್ಚಿದಾಗ ಒಳಗಿಂದ ಒಂದು ಬೆಂಕಿಪೊಟ್ಟಣ ಬಿತ್ತು. ಅದರಲ್ಲಿ ಹನ್ನೊಂದು ಅರ್ಧ ಮಾತ್ರೆಗಳಿದ್ದವು. ವೈದ್ಯರು ದಿನಕ್ಕೊಂದು ಎಂದು ಬರೆದುಕೊಟ್ಟ ರಕ್ತದೊತ್ತಡದ ಮಾತ್ರೆಯನ್ನು ಅವರು ಉಗುರಿನಲ್ಲಿ ಮುರಿದು, ಅರ್ಧ ನುಂಗಿ, ಅರ್ಧ ಎತ್ತಿಡುತ್ತಿದ್ದರು. ತಿಂಗಳ ಮಾತ್ರೆ ಎರಡು ತಿಂಗಳು ಬರಲಿ, ಮಗನ ಹತ್ತಿರ ಮತ್ತೆ ಕೇಳುವ ಹಾಗೆ ಆಗದಿರಲಿ ಎಂದು. ನೀವು ಆ ಪೊಟ್ಟಣ ಹಿಡಿದುಕೊಂಡು ಇದೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿರಿ. ನಿಮ್ಮ ಬಾಯಿಂದ ಬಂದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: ‘ಲೇ, ನಮ್ಮಿಬ್ಬರಿಗೆ ಈ ಗತಿ ಬರಬಾರದು ಕಣೇ. ಮಗಳ ಮುಂದೆ ನಾವು ಮಾತ್ರೆ ಮುರಿಯೋ ಹಾಗೆ ಆಗಬಾರದು.’

ಮುಂದಿನ ಭಾನುವಾರವೇ ನೀವು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ತಿಂಗಳ ಪಟ್ಟಿ ಬರೆದಿರಿ. ಬಾಡಿಗೆಗಿಂತ ಮೊದಲು, ಕರೆಂಟಿಗಿಂತ ಮೊದಲು, ಮೊದಲ ಸಾಲಿನಲ್ಲಿ ‘ಅಜ್ಜ’, ಎರಡನೇ ಸಾಲಿನಲ್ಲಿ ‘ಅಜ್ಜಿ’. ಯಾರದು ಎಂದು ನಾನು ಕೇಳಿದ್ದಕ್ಕೆ, ‘ನಾವೇ ಕಣೇ. ಮುಂದೆ ಬರೋ ಮುದುಕ, ಮುದುಕಿ. ಅವರು ನಮ್ಮನೇಲಿ ಇದ್ದಾರೆ ಅಂತ ತಿಳ್ಕೋ. ಮೊದಲು ಅವರಿಗೆ ಬಡಿಸೋಣ, ಮಿಕ್ಕಿದ್ದು ನಮಗೆ’ ಎಂದಿರಿ. ಇಬ್ಬರಿಗೂ ಬೇರೆ ಬೇರೆ ಖಾತೆ ಇದ್ದರೆ ಬಡ್ಡಿ ಸ್ವಲ್ಪ ಹೆಚ್ಚು ಎಂದು ಬ್ಯಾಂಕಿನವರು ಹೇಳಿದ್ದರಿಂದ ಅಜ್ಜನದು ನಿಮ್ಮ ಹೆಸರಿಗೆ, ಅಜ್ಜಿಯದು ನನ್ನ ಹೆಸರಿಗೆ ಆಯಿತು. ಅದಕ್ಕೆ ಬೇರೆ ಅರ್ಥವೇನೂ ಇರಲಿಲ್ಲ. ಇದ್ದದ್ದು ಬಡ್ಡಿ ಮಾತ್ರ.

ಆಗ ಮಗಳಿಗೆ ಐದು ವರ್ಷ. ಅಜ್ಜ ಅಜ್ಜಿ ನಿಜವಾಗಿ ಮಾಡಿನ ಮೇಲೆ ಎಲ್ಲೋ ಇದ್ದಾರೆ ಎಂದೇ ಅವಳು ತುಂಬಾ ದಿನ ನಂಬಿದ್ದಳು. ತಿಂಗಳ ಮೊದಲ ಭಾನುವಾರ ನಾವು ಮೇಜಿಗೆ ಕೂತ ಕೂಡಲೇ ‘ಅಜ್ಜ ಉಂಡ್ರಾ?’ ಎಂದು ಅವಳು ಕೇಳಬೇಕು, ‘ಉಂಡ್ರು’ ಎಂದು ನೀವು ಹೇಳಬೇಕು, ‘ಅಜ್ಜಿ ಉಂಡ್ರಾ?’ ಎಂದರೆ ನಾನು ‘ಉಂಡ್ರು’ ಎನ್ನಬೇಕು. ಆಮೇಲೆಯೇ ಬೇರೆ ಖರ್ಚಿನ ಮಾತು. ಅವಳಿಗೆ ಈಗ ಇಪ್ಪತ್ತನಾಲ್ಕು. ಹತ್ತೊಂಬತ್ತು ವರ್ಷದಲ್ಲಿ ಒಂದು ತಿಂಗಳೂ ಆ ಪ್ರಶ್ನೆ ತಪ್ಪಿಲ್ಲ. ನೀವು ದೂರದ ಸೇತುವೆ ಕೆಲಸಕ್ಕೆ ಹೋದ ಮೇಲೆ ಫೋನಿನಲ್ಲಿ ಕೇಳುತ್ತೇವೆ, ಫೋನಿನಲ್ಲಿ ಹೇಳುತ್ತೀರಿ.

ಹೇಳಿದ್ದೀರಿ. ಖಾತೆ ಮುಚ್ಚಿದ ಮೇಲೆ ಏಳು ಸಲ ‘ಅಜ್ಜ ಉಂಡ್ರಾ?’ ಎಂದು ಅವಳು ಕೇಳಿದ್ದಾಳೆ, ಏಳು ಸಲವೂ ‘ಹೊಟ್ಟೆ ತುಂಬ ಉಂಡ್ರು’ ಎಂದಿದ್ದೀರಿ. ಬರೀ ‘ಉಂಡ್ರು’ ಅಲ್ಲ. ‘ಹೊಟ್ಟೆ ತುಂಬ’ ಎಂದು ಸೇರಿಸಲು ಶುರುಮಾಡಿದ್ದೇ ಈ ಏಳು ತಿಂಗಳಲ್ಲಿ. ನನಗೆ ಆಗ ಹೊಳೆಯಲಿಲ್ಲ. ಆಸ್ಪತ್ರೆಯ ಮೂರು ಮಹಡಿಯಲ್ಲಿ ಒಂದು ದಿಂಬಿನ ಚೀಲ ಕಡಿಮೆಯಾದರೆ ಸಂಜೆಯೊಳಗೆ ಹುಡುಕಿ ತೆಗೆಯುವ ನನ್ನ ಕಿವಿಗೆ ನೀವು ಏಳು ತಿಂಗಳು ಹೂವಿಟ್ಟಿರಿ.

ಆ ಏಳು ತಿಂಗಳು ನಾನು ಏನು ಮಾಡಿದೆ ಎಂಬುದನ್ನೂ ಬರೆಯುತ್ತೇನೆ. ಬಸ್ಸಿನ ದರ ಏರಿದಾಗ ಎರಡು ನಿಲ್ದಾಣ ಮೊದಲೇ ಇಳಿದು ನಡೆಯಲು ಶುರುಮಾಡಿದೆ. ಬೆಳಗ್ಗೆ ಹದಿನೆಂಟು ನಿಮಿಷ, ಸಂಜೆ ಕಾಲು ಊದಿರುವುದರಿಂದ ಇಪ್ಪತ್ತನಾಲ್ಕು. ದವಡೆಯ ಹಲ್ಲಿಗೆ ಕವಚ ಹಾಕಿಸಬೇಕು ಎಂದ ದಂತವೈದ್ಯರಿಗೆ ಮುಂದಿನ ವರ್ಷ ನೋಡೋಣ ಎಂದೆ. ಈಗ ಬ್ರೆಡ್ಡಿನ ಅಂಚನ್ನು ಎಡಗಡೆಯೇ ಅಗಿಯುತ್ತೇನೆ. ಮುಂಬಾಗಿಲ ಬಲ್ಬನ್ನು ತೆಗೆದು ಸ್ನಾನದ ಮನೆಗೆ ಹಾಕಿದೆ. ಮಗಳು ತನ್ನ ಸಂಬಳದಲ್ಲಿ ನನಗೆ ಹೊಸ ಚಪ್ಪಲಿ ತಂದರೆ ವಾಪಸ್ ಮಾಡಿಸಿ, ಹಳೆಯದಕ್ಕೇ ಹೊಲಿಗೆ ಹಾಕಿಸಿದೆ. ಇದನ್ನೆಲ್ಲ ದೊಡ್ಡ ತ್ಯಾಗ ಎಂದು ಬರೆಯುತ್ತಿಲ್ಲ. ಪ್ರತಿಸಲವೂ ಸಂತೋಷದಿಂದಲೇ ಮಾಡಿದೆ. ‘ಇರಲಿ, ಅಜ್ಜ ಅಜ್ಜಿ ಉಣ್ಣಲಿ’ ಎಂದುಕೊಂಡು ಮಾಡಿದೆ. ಸಿಟ್ಟು ಬರುವುದು ಅದಕ್ಕೇ. ಇಲ್ಲದ ಮುದುಕನಿಗೋಸ್ಕರ ನನ್ನನ್ನು ನಡೆಸಿದಿರಿ.

ಈಗ ಅಂಕಿಗೆ ಬರುತ್ತೇನೆ. ಬೆಲೆಗಳು ವರ್ಷ ವರ್ಷ ಏರುತ್ತವೆ, ಹಣದ ಮೊತ್ತ ನೋಡಿದರೆ ಮೋಸ ಹೋಗುತ್ತೇವೆ, ಆದ್ದರಿಂದ ಉಳಿತಾಯವನ್ನು ತಿಂಗಳಲ್ಲಿ ಎಣಿಸೋಣ ಎಂದವರು ನೀವೇ. ಬಾಡಿಗೆ, ದಿನಸಿ, ಕರೆಂಟು, ಔಷಧಿ ಎಲ್ಲ ಸೇರಿ ನಾವಿಬ್ಬರು ಒಂದು ತಿಂಗಳು ಬದುಕಲು ಬೇಕಾದದ್ದು ‘ಒಂದು ತಿಂಗಳು’. ಅಷ್ಟು ಕೂಡಿದರೆ ಅಜ್ಜನ ಹತ್ತಿರ ಒಂದು ತಿಂಗಳಿದೆ ಎಂದು ಲೆಕ್ಕ. ನೂರಿಪ್ಪತ್ತು ತಿಂಗಳು ಆದ ದಿನ ನೀವು ಕ್ರೇನಿನಿಂದ ಇಳಿಯುವುದು, ನಾನು ಲಾಂಡ್ರಿಯ ಬೀಗದಕೈ ಒಪ್ಪಿಸುವುದು ಎಂದು ಮಾತಾಗಿತ್ತು. ನೀವು ತೆಗೆದ ದಿನ ಅಜ್ಜನ ಹತ್ತಿರ ಐವತ್ತೈದು ತಿಂಗಳಿತ್ತು, ಅಜ್ಜಿಯ ಹತ್ತಿರ ನಲವತ್ತೇಳು. ಒಟ್ಟು ನೂರೆರಡು. ಉಳಿದದ್ದು ಹದಿನೆಂಟು, ನಮ್ಮ ವೇಗದಲ್ಲಿ ನಾಲ್ಕು ವರ್ಷ. ನನಗೆ ಅರವತ್ತು ತುಂಬುವ ವರ್ಷಕ್ಕೆ ಸರಿಯಾಗುತ್ತಿತ್ತು.

ಅಜ್ಜನ ಐವತ್ತೈದರಲ್ಲಿ ನಾಲ್ಕು ತಿಂಗಳನ್ನು ಬ್ಯಾಂಕಿನವರು ಕಡಿತ ಎಂದು ಇಟ್ಟುಕೊಂಡರು. ಕೇಳುತ್ತಿದ್ದೀರಾ? ನಾಲ್ಕು ತಿಂಗಳ ಊಟ, ಬಾಡಿಗೆ, ಮಾತ್ರೆ ಯಾರಿಗೂ ಸಿಗದೆ ಒಂದು ಸಹಿಯಲ್ಲಿ ಹೋಯಿತು. ಐವತ್ತೊಂದು ನಿಮ್ಮ ತಮ್ಮನಿಗೆ ಹೋಯಿತು. ಈ ಏಳು ತಿಂಗಳಲ್ಲಿ ನಾನು ಅಜ್ಜಿಗೆ ಕಟ್ಟಿದ್ದನ್ನು ಏರಿದ ಬೆಲೆಯೇ ನುಂಗಿದೆ, ಈಗಲೂ ನಲವತ್ತೇಳೇ. ನೂರಿಪ್ಪತ್ತಕ್ಕೆ ಇನ್ನು ಎಪ್ಪತ್ತಮೂರು ಬೇಕು. ನಮ್ಮ ವೇಗದಲ್ಲಿ ಹದಿನಾರು ವರ್ಷ. ನನಗೆ ಆಗ ಎಪ್ಪತ್ತೆರಡು, ನಿಮಗೆ ಎಪ್ಪತ್ತನಾಲ್ಕು. ಎಪ್ಪತ್ತನಾಲ್ಕಕ್ಕೆ ನೂರಹತ್ತು ಮೆಟ್ಟಿಲು ಹತ್ತುತ್ತೀರಾ? ಕ್ರೇನಿನ ಕಂಪನಿಯವರು ಕುರ್ಚಿಯನ್ನು ಕೆಳಗೆ ಇಳಿಸಿಕೊಡುತ್ತಾರಾ?

ಗುರುವಾರ ಕೆಲಸ ಮುಗಿಸಿ ನೇರವಾಗಿ ನಿಮ್ಮ ತಮ್ಮನ ಶೆಡ್ಡಿಗೆ ಹೋದೆ. ನಾವು ಅವನನ್ನು ‘ಪ್ಲಾನು’ ಎಂದು ಕರೆಯುವುದು ತಮಾಷೆಗೆ ಎಂದುಕೊಂಡಿದ್ದೆ; ಇನ್ನು ಮೇಲೆ ಅದು ತಮಾಷೆಯಲ್ಲ. ಮೊದಲು ಬಣ್ಣದ ಮೀನಿನ ಅಂಗಡಿ, ಆಮೇಲೆ ಹಳೆಯ ಸೈಕಲ್ಲಿಗೆ ಬಣ್ಣ, ಆಮೇಲೆ ಬಾಡಿಗೆಗೆ ಕುರ್ಚಿ. ಈಗ ಕಾರು ತೊಳೆಯುವುದು. ಬಾಗಿಲ ಮೇಲೆ ದೊಡ್ಡ ಬೋರ್ಡಿದೆ: ‘ಐದೇ ನಿಮಿಷದಲ್ಲಿ ಹೊಸ ಕಾರು’. ಒಳಗೆ ಒಂದೇ ಕಾರಿತ್ತು, ಅದೂ ಹಳೆಯದು, ಅದನ್ನು ಅವನು ಬಕೆಟ್ಟು ಇಟ್ಟುಕೊಂಡು ಕೈಯಲ್ಲಿ ಒರೆಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, ‘ಅತ್ತಿಗೇ! ಬನ್ನಿ ಬನ್ನಿ. ಏನು, ಈ ಕಡೆ ದಾರಿ ತಪ್ಪಿ ಬಂದ್ರಾ?’ ಎಂದ. ‘ದಾರಿ ತಪ್ಪಿದ್ದು ನಾನಲ್ಲಪ್ಪಾ, ನಮ್ಮ ದುಡ್ಡು. ಹುಡುಕ್ಕೊಂಡು ಬಂದೆ’ ಎಂದೆ. ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ಆಮೇಲೆ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು, ಅಂಗಿಯ ತುದಿಯಿಂದ ಒರೆಸಿ ಕೊಟ್ಟ. ಕುರ್ಚಿ ಒರೆಸುವಷ್ಟು ಮರ್ಯಾದೆ ಅವನಿಗೆ ಯಾವಾಗಲೂ ಇದೆ. ಅದೇ ಅವನ ಹತ್ತಿರ ಇರುವ ತೊಂದರೆ, ಪೂರ್ತಿ ಬೈಯಲು ಬಿಡುವುದಿಲ್ಲ.

ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಹೊದಿಸಿದ ಯಂತ್ರವಿತ್ತು. ಪ್ಲಾಸ್ಟಿಕ್ಕಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಯಾಕೆ ಓಡುತ್ತಿಲ್ಲ ಎಂದು ಕೇಳಿದೆ. ‘ಓಡುತ್ತೆ ಅತ್ತಿಗೆ, ಫಸ್ಟ್ ಕ್ಲಾಸ್ ಯಂತ್ರ. ನೀರು ಬರಬೇಕು ಅಷ್ಟೇ’ ಎಂದ. ನೀರು ಎಲ್ಲಿಂದ ಬರುತ್ತದೆ ಎಂದರೆ, ಅರ್ಜಿ ಹಾಕಿದ್ದಾನಂತೆ. ಯಾವಾಗ ಹಾಕಿದೆ ಎಂದರೆ, ‘ಹೋದ ತಿಂಗಳು.’ ಯಂತ್ರ ತಂದು ಏಳು ತಿಂಗಳು, ಅರ್ಜಿ ಹಾಕಿ ಒಂದು ತಿಂಗಳು. ಆ ಶೆಡ್ಡಿಗೆ ನೀರಿನ ಕೊಳವೆಯೇ ಇಲ್ಲ. ಪಕ್ಕದ ಟೈರ್ ರಿಪೇರಿಯವನ ನಲ್ಲಿಯಿಂದ ದಿನಕ್ಕೆ ಎಂಟು ಬಕೆಟ್ಟು ಸಾಲ ತರುತ್ತಾನೆ. ಇಪ್ಪತ್ತೆರಡು ವರ್ಷ ನೀರಿನ ಜತೆಯೇ ಕೆಲಸ ಮಾಡಿದ ಹೆಂಗಸು ನಿಮ್ಮ ಮನೆಯಲ್ಲೇ ಇದ್ದಾಳಲ್ಲ, ಅವಳನ್ನು ಒಂದು ಮಾತು ಕೇಳಿದ್ದರೆ, ಮೊದಲು ನಲ್ಲಿ, ಆಮೇಲೆ ಯಂತ್ರ ಎಂದು ಬಿಟ್ಟಿಯಾಗಿ ಹೇಳುತ್ತಿದ್ದಳು. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಅವನು ನನ್ನ ಸಮಾಧಾನಕ್ಕೆಂದು ಒಂದು ಮಾತು ಹೇಳಿದ. ‘ಅತ್ತಿಗೆ, ನೀವು ಹೆದರ್ಬೇಡಿ. ಅಣ್ಣ ಸ್ಪಷ್ಟವಾಗಿ ಹೇಳಿದ, ಇದು ನನ್ನ ಪಾಲು ಮಾತ್ರ ಕಣೋ, ನಿನ್ನ ಅತ್ತಿಗೇದು ಒಂದು ಕಾಸೂ ಮುಟ್ಟಿಲ್ಲ, ಅಜ್ಜಿ ಹಾಗೇ ಇದ್ದಾಳೆ ಅಂತ.’ ಆ ಕುರ್ಚಿಯಿಂದ ನಾನು ಎದ್ದದ್ದು ನೆನಪಿದೆ, ಬಸ್ಸು ಹತ್ತಿದ್ದು ನೆನಪಿಲ್ಲ. ಅವತ್ತು ಎರಡು ನಿಲ್ದಾಣ ಮೊದಲೇ ಇಳಿಯಲೂ ಇಲ್ಲ.

ಖಾತೆ ಮುಚ್ಚಿದ್ದಕ್ಕೆ ಬಂದ ಸಿಟ್ಟು ಒಂದು ತೂಕವಾದರೆ, ಈ ಮಾತಿಗೆ ಬಂದ ಸಿಟ್ಟು ಹತ್ತು ತೂಕ. ನೀವು ಕದ್ದಿಲ್ಲ ಎಂದುಕೊಂಡಿದ್ದೀರಿ. ನನ್ನದನ್ನು ಮುಟ್ಟದೆ, ನಿಮ್ಮ ಮುಪ್ಪನ್ನು ಮಾತ್ರ ತಮ್ಮನಿಗೆ ಕೊಟ್ಟೆ, ಇದರಲ್ಲಿ ಇವಳಿಗೇನು ನಷ್ಟ ಎಂದುಕೊಂಡಿದ್ದೀರಿ. ಬಹಳ ನ್ಯಾಯವಂತರು! ಮಗಳು ಕೂಡ ಮೊದಲು, ‘ಅಪ್ಪ ತಮ್ಮ ಪಾಲನ್ನ ತಾನೇ ಕೊಟ್ಟಿರೋದು ಅಮ್ಮಾ’ ಎಂದಳು. ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ‘ಸರಿ, ಹಾಗಾದ್ರೆ ಅಜ್ಜ ಎಲ್ಲಿ ಉಣ್ತಾರೆ?’ ನಿಮಗೂ ಅದನ್ನೇ ಕೇಳುತ್ತೇನೆ. ಮೇಜಿನ ಆ ಕಡೆ ನೀವು ಖಾಲಿ ತಟ್ಟೆ ಇಟ್ಟುಕೊಂಡು ಕೂತಿರುತ್ತೀರಿ, ಈ ಕಡೆ ನಾನು ನನ್ನ ನಲವತ್ತೇಳು ತಿಂಗಳನ್ನು ಬಡಿಸಿಕೊಂಡು ಉಣ್ಣುತ್ತಿರುತ್ತೇನೆ, ಅಲ್ಲವಾ? ಅಥವಾ ಮನೆಯ ಮಾಲೀಕರು ಬಾಡಿಗೆಗೆ ಬಂದಾಗ, ‘ಅರ್ಧ ಬಾಡಿಗೆ ನನ್ನದು, ಕೊಟ್ಟಿದ್ದೇನೆ, ಇನ್ನರ್ಧ ಆ ಮೂಲೆಯಲ್ಲಿ ಕೂತಿರೋ ಮುದುಕರನ್ನ ಕೇಳಿ’ ಎನ್ನಬೇಕಾ? ಬಲ್ಬು ಅಜ್ಜಿಯ ಪಕ್ಕಕ್ಕೆ ಮಾತ್ರ ಉರಿಯುತ್ತದಾ? ನಿಮಗೆ ಜ್ವರ ಬಂದರೆ ನಾನು ನನ್ನ ಖಾತೆ ತೆಗೆದು ನೋಡಿ, ಇದು ಅಜ್ಜಿಯದು ಎಂದು ಮತ್ತೆ ಮುಚ್ಚಿಡುತ್ತೇನಾ? ಇಷ್ಟು ವರ್ಷ ನೀವು ಯಾರ ಜತೆ ಸಂಸಾರ ಮಾಡಿದಿರಿ? ಆ ಹೆಂಗಸು ಯಾರು? ಅವಳನ್ನು ನನಗೂ ಒಮ್ಮೆ ತೋರಿಸಿ.

ತಮ್ಮನನ್ನು ನೀವೇ ಸಾಕಿದ್ದು ಎಂದು ನನಗೆ ಗೊತ್ತು. ನಿಮ್ಮ ಅಪ್ಪ ಕೊನೆಗೆ ‘ಚಿಕ್ಕವನ ಕೈ ಬಿಡಬೇಡ’ ಎಂದದ್ದನ್ನು ನಾನೂ ಕೇಳಿದ್ದೇನೆ, ಅವತ್ತು ಅವರ ಬಾಯಿಗೆ ನೀರು ಬಿಟ್ಟವಳು ನಾನು. ಮೀನಿನ ಅಂಗಡಿಗೆ ಕೊಟ್ಟಾಗ ನಾನು ಸುಮ್ಮನಿದ್ದೆ, ಕುರ್ಚಿಗಳಿಗೂ ಇದ್ದೆ. ಅದು ನಮ್ಮ ಪಟ್ಟಿಯ ಕೊನೆಯ ಸಾಲಿನಿಂದ, ಮಿಕ್ಕಿದ್ದರಿಂದ ಹೋದದ್ದು. ಈ ಸಲ ಮೊದಲ ಸಾಲಿಗೇ ಕೈ ಹಾಕಿದಿರಿ. ನಿಮ್ಮ ಅಪ್ಪ ಉಗುರಿನಲ್ಲಿ ಮಾತ್ರೆ ಮುರಿದ ಹಾಗೆ ನೀವು ನಿಮ್ಮ ಮುಪ್ಪನ್ನು ಮುರಿದು, ಯಾರಿಗೂ ಹೇಳದೆ ದಿಂಬಿನೊಳಗೆ ಬಚ್ಚಿಟ್ಟಿದ್ದೀರಿ. ಅವರು ಹಾಗೆ ಮಾಡಿದ್ದು ನಮಗೆ ಹೊರೆಯಾಗಬಾರದು ಎಂದು. ನೀವು ಮಾಡಿದ್ದೂ ನನಗೆ ಹೊರೆಯಾಗಬಾರದು ಎಂದೇ. ಅವತ್ತು ಆ ಪೊಟ್ಟಣ ಹಿಡಿದು ಅತ್ತವರಿಗೆ ಇದು ಅದೇ ಪೊಟ್ಟಣ ಎಂದು ಗೊತ್ತಾಗಲಿಲ್ಲವಲ್ಲ, ಅದೇ ನನಗೆ ಅರಗುತ್ತಿಲ್ಲ. ಅದನ್ನು ನಾನು ಎಸೆದಿಲ್ಲ. ಹೊಲಿಗೆ ಡಬ್ಬಿಯಲ್ಲಿದೆ. ಇದನ್ನು ಬರೆಯುವಾಗ ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಇನ್ನು ಆಗಬೇಕಾದ ಕೆಲಸ. ಶೆಡ್ಡಿನಿಂದ ಹೊರಡುವ ಮೊದಲು ಅವನ ಹತ್ತಿರ ಯಂತ್ರದ ಬಿಲ್ಲು ಕೇಳಿ ಪಡೆದಿದ್ದೆ. ಶುಕ್ರವಾರ ಊಟದ ಬಿಡುವಿನಲ್ಲಿ ಮಾರಿದವರಿಗೆ ಫೋನ್ ಮಾಡಿದೆ. ಯಂತ್ರದ ಬೆಲೆ ನಲವತ್ತೆರಡು ತಿಂಗಳು. ಮಿಕ್ಕ ಒಂಬತ್ತು ಶೆಡ್ಡಿನ ಮುಂಗಡಕ್ಕೂ ಆ ಬೋರ್ಡಿಗೂ ಹೋಗಿದೆ. ಪಂಪಿನ ಸೀಲು ಒಡೆಯದಿದ್ದರೆ ಮೂರರಲ್ಲಿ ಎರಡು ಪಾಲು ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ನೀರೇ ಬಂದಿಲ್ಲ, ಸೀಲು ಯಾರು ಒಡೆಯುತ್ತಾರೆ? ಇಪ್ಪತ್ತೆಂಟು ತಿಂಗಳು ಸಿಗುತ್ತದೆ. ಆದರೆ ಈ ತಿಂಗಳ ಮೂವತ್ತರೊಳಗೆ ಯಂತ್ರ ಅವರ ಗೋದಾಮು ಸೇರಬೇಕು. ಆಮೇಲೆ ಹೊಸ ಮಾದರಿ ಬರುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ ಎಂದರು. ಹಾಗಾದರೆ ನಮ್ಮ ಹತ್ತಿರ ಎಪ್ಪತ್ತೈದು ಆಗುತ್ತದೆ. ನನಗೆ ಅರವತ್ತಾಗುವಾಗ ತೊಂಬತ್ತಮೂರು. ನೂರಿಪ್ಪತ್ತಲ್ಲ, ಆದರೆ ಎಪ್ಪತ್ತೆರಡನೇ ವಯಸ್ಸಿನವರೆಗೆ ಆ ಬಿಗಿ ಬಾಗಿಲು ಎಳೆಯುವುದೂ ಅಲ್ಲ. ನಿನ್ನೆ ಮತ್ತೆ ಶೆಡ್ಡಿಗೆ ಹೋಗಿ ನಿಮ್ಮ ತಮ್ಮನಿಗೆ ಇದನ್ನು ಹೇಳಿದರೆ, ತಲೆ ತಗ್ಗಿಸಿ, ‘ಅಣ್ಣ ಒಂದು ಮಾತು ಹೇಳಿದ್ರೆ ಕೊಡ್ತೀನಿ ಅತ್ತಿಗೆ. ಕೊಟ್ಟದ್ದು ಅವನು’ ಎಂದ. ಆ ಒಂದು ಮಾತನ್ನು ನೀವು ಹೇಳಬೇಕು. ಈ ಕಾಗದ ಮುಟ್ಟಿದ ದಿನವೇ ಹೇಳಬೇಕು. ಅವನಿಗೆ ಹೇಳುವಾಗ ಗಾಳಿ ಬೀಸಬಾರದು. ಶೆಡ್ಡು ಇರಲಿ, ಬಕೆಟ್ಟಿನಲ್ಲೇ ತೊಳೆಯಲಿ; ಆ ಕಾರನ್ನು ಅವನು ಚೆನ್ನಾಗಿಯೇ ಒರೆಸಿದ್ದ, ಸುಳ್ಳು ಹೇಳಬಾರದು. ಅವನ ಒರೆಸುವ ಬಟ್ಟೆಗಳಲ್ಲಿ ಮರಳಿತ್ತು, ಅದನ್ನು ಹೇಗೆ ಒಗೆಯಬೇಕೆಂದು ಬೇಕಾದರೆ ನಾನು ಹೇಳಿಕೊಡುತ್ತೇನೆ. ನಮ್ಮ ಮನೆಯಿಂದ ಅವನ ಪ್ಲಾನಿಗೆ ಇನ್ನು ಸಿಗುವುದು ಅಷ್ಟೇ.

ಶುಕ್ರವಾರ ಸಂಜೆ ಬ್ಯಾಂಕಿಗೂ ಹೋಗಿದ್ದೆ. ಕತ್ತಿನಲ್ಲಿ ದಾರಕ್ಕೆ ಕನ್ನಡಕ ಕಟ್ಟಿಕೊಂಡ ಆ ಗುಮಾಸ್ತೆಯೇ ಕಿಟಕಿಯಲ್ಲಿದ್ದಳು. ಅಜ್ಜಿಯ ಖಾತೆಯಲ್ಲಿ ನನ್ನ ನಂತರ ಹಣ ಯಾರಿಗೆ ಎಂಬಲ್ಲಿ ನಿಮ್ಮ ಹೆಸರಿದೆಯಲ್ಲ, ಅದರ ಬಗ್ಗೆ ಬಂದಿದ್ದೇನೆ ಎಂದೆ. ‘ಹೆಸರು ತೆಗೀಬೇಕಾ, ಸೇರಿಸ್ಬೇಕಾ?’ ಎಂದಳು. ‘ಎರಡೂ ಫಾರಂ ಕೊಡಿ’ ಎಂದೆ. ಕನ್ನಡಕ ಏರಿಸಿ ನನ್ನನ್ನು ನೋಡಿ ನಕ್ಕು, ‘ಏನಮ್ಮಾ, ಮನೆಯವರ ಮೇಲೆ ಕೋಪಾನಾ?’ ಎಂದಳು. ‘ಕೋಪ ಅಲ್ಲಮ್ಮಾ, ಬಜೆಟ್ಟು’ ಎಂದೆ. ಎರಡು ಫಾರಮ್ಮೂ ನಿನ್ನೆ ಇಡೀ ದಿನ ಈ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಕೆಳಗೆ ಇದ್ದವು. ಎರಡನ್ನೂ ಎರಡೆರಡು ಸಲ ಓದಿದೆ. ಒಂದನ್ನು ತುಂಬಿಯೂ ಆಯಿತು.

ಇಷ್ಟು ಬರೆದ ಮೇಲೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ, ಇಳಿದಿಲ್ಲ. ಮುಂದಿನ ಸಲ ನೀವು ಬಂದಾಗ ನಾಲ್ಕು ದಿನ ನಿಮ್ಮ ಜತೆ ಮಾತಾಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನೀವು ಇರುವುದೇ ಆರು ದಿನವಾದ್ದರಿಂದ ಎರಡು ದಿನ ಬಿಟ್ಟಿದ್ದೇನೆ. ಊಟ ಬಡಿಸುತ್ತೇನೆ. ಬಟ್ಟೆ ನೀವೇ ಒಗೆದುಕೊಳ್ಳಿ. ಮಗಳು ನಮಸ್ಕಾರ ಹೇಳಿದ್ದಾಳೆ, ಪಟ್ಟಿ ಕಟ್ಟಿಕೊಳ್ಳಬೇಕಂತೆ. ಮೆಟ್ಟಿಲು ಒದ್ದೆಯಿರುವಾಗ ಅವಸರ ಬೇಡ. ಮೇಲೆ ಒಬ್ಬರೇ ಕೂತಿರುವಾಗ ಇದನ್ನು ಓದಬೇಡಿ, ಕೆಳಗೆ ಇಳಿದು ಓದಿ. ದೇವರು ನಿಮ್ಮ ಮೊಣಕಾಲನ್ನೂ, ಅದಕ್ಕಿಂತ ಹೆಚ್ಚಾಗಿ ಬುದ್ಧಿಯನ್ನೂ ಕಾಪಾಡಲಿ.

ಇಂತಿ,
ಸಿಟ್ಟು ಇನ್ನೂ ಆರದ
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ. ಒಳಗೆ ಒಂದು ಫಾರಂ ಇಟ್ಟಿದ್ದೇನೆ, ಅಜ್ಜಿಯ ಖಾತೆಗೆ ನಿಮ್ಮನ್ನೂ ಜಂಟಿಯಾಗಿ ಹೆಸರು ಸೇರಿಸುವುದು. ನಾನು ಸಹಿ ಮಾಡಿಯಾಗಿದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಎರಡು ಕಡೆ ನೀವೂ ಸಹಿ ಮಾಡಿ ಕೂಡಲೇ ಕಳಿಸಿ. ಇನ್ನು ಮುಂದೆ ಎರಡು ಖಾತೆ ಇಲ್ಲ, ಒಂದೇ. ನಿಮ್ಮ ಮಾತೂ ನನ್ನ ಸಹಿಯೂ ಸೇರದೆ ಒಂದು ದಿನದ್ದೂ ಹೊರಗೆ ಹೋಗುವುದಿಲ್ಲ, ನನ್ನ ಮಾತಿಗೂ ನಿಮ್ಮ ಸಹಿ ಬೇಕು. ನಲವತ್ತೇಳು ಇಬ್ಬರದೂ. ಬಡ್ಡಿ ಸ್ವಲ್ಪ ಕಡಿಮೆ ಬರುತ್ತದೆ, ಬರಲಿ. ಹೆಸರು ತೆಗೆಯುವ ಫಾರಂ ಹಾಳು ಮಾಡಿಲ್ಲ, ಅದರ ಹಿಂಬದಿಯಲ್ಲಿ ಈ ತಿಂಗಳ ಪಟ್ಟಿ ಬರೆದೆ. ಮೊದಲ ಸಾಲು ‘ಅಜ್ಜ ಅಜ್ಜಿ’, ಒಟ್ಟಿಗೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಸಾಲಿನ ಮುಂದೆ ಅಂಕಿ ಹಾಕಿಲ್ಲ, ಹಣ ಎತ್ತಿಟ್ಟಿದ್ದೇನೆ, ಕಟ್ಟಿಲ್ಲ. ನಿಮ್ಮ ಸಹಿ ಬಂದ ಮೇಲೆ ಕಟ್ಟುತ್ತೇನೆ. ಅಲ್ಲಿಯವರೆಗೆ ಮಗಳು ಕೇಳಿದರೆ ನಿಜವನ್ನೇ ಹೇಳುತ್ತೇನೆ: ಅಜ್ಜಿ ಇನ್ನೂ ಉಂಡಿಲ್ಲ, ಕಾಯುತ್ತಿದ್ದಾಳೆ.